ಮನೆಯ ಗ್ಯಾರೇಜ್ ದುರಸ್ತಿ: ನೆಲಕ್ಕೆ ಯಾವ ಲೇಪನ, ಅದಕ್ಕೂ ಮೊದಲು ಏನೇನು ಕೆಲಸ

ಗ್ಯಾರೇಜ್ ನೆಲಕ್ಕೆ ಬಳಿದ ಬಣ್ಣ ವರ್ಷ ತುಂಬುವ ಮೊದಲೇ ಚಕ್ಕೆ ಎದ್ದರೆ ಎಲ್ಲರೂ ಬಣ್ಣವನ್ನೇ ದೂರುತ್ತಾರೆ. ಡಬ್ಬದಲ್ಲಿದ್ದ ಮಾಲೇ ಕೆಟ್ಟದ್ದಾಗಿರುವುದು ಅಪರೂಪ. ಅಡಿಯ ಕಾಂಕ್ರೀಟ್‌ನಲ್ಲಿ ತೇವ ಇತ್ತು, ಇಲ್ಲವೇ ಅದು ಎಣ್ಣೆ ಕುಡಿದಿತ್ತು, ಇಲ್ಲವೇ ನುಣುಪಾದ ಮೇಲ್ಮೈಯನ್ನು ಉಜ್ಜದೆ ಹಾಗೇ ಬಳಿದಿದ್ದರು. ಕಾರಣ ಕೆದಕಿದರೆ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಸಿಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬಣ್ಣದ ಆಯ್ಕೆ ತಡವಾಗಿ ಬರುತ್ತದೆ. ನೆಲವನ್ನು ಮೊದಲು ಪರೀಕ್ಷಿಸಬೇಕು, ಅದು ಯಾವ ಲೇಪನವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ತಿಳಿಯಬೇಕು, ಆಮೇಲೆ ಅಂಗಡಿಗೆ ಹೋಗಬೇಕು.

ಇಡೀ ಕೆಲಸದಲ್ಲಿ ಲೇಪನ ಹಾಕುವುದಕ್ಕೆ ಹಿಡಿಯುವ ಸಮಯ ಬಹಳ ಕಡಿಮೆ. ಖಾಲಿ ಮಾಡುವುದು, ತೊಳೆಯುವುದು, ಉಜ್ಜುವುದು, ಒಣಗಲಿ ಎಂದು ಕಾಯುವುದು, ಇವುಗಳಲ್ಲೇ ದಿನಗಳು ಹೋಗುತ್ತವೆ. ಇದು ಗೊತ್ತಿದ್ದು ಹೊರಟರೆ ಅರ್ಧದಲ್ಲಿ ಆತುರಪಡುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಚಾವಣಿ, ಆಮೇಲೆ ಗೋಡೆ, ವೈರಿಂಗ್, ಬಾಗಿಲು, ನಂತರ ನೆಲ, ಕಟ್ಟಕಡೆಗೆ ಕಪಾಟು. ನೆಲ ಮುಗಿಸಿಕೊಂಡು ಆಮೇಲೆ ಗೋಡೆಗೆ ಡ್ರಿಲ್ ಹಾಕಿದರೆ ಗಾರೆಯ ಪುಡಿ, ಬಿದ್ದ ಸ್ಕ್ರೂ, ಎಳೆದಾಡಿದ ಏಣಿಯ ಕಾಲು ಎಲ್ಲವೂ ಹೊಸ ನೆಲಕ್ಕೇ ಗೀರು ಹಾಕುತ್ತವೆ. ಗೋಡೆಯ ಬಣ್ಣ ಕೂಡ ನೆಲಕ್ಕಿಂತ ಮೊದಲೇ ಆಗಬೇಕು.

ಖಾಲಿ ಮಾಡುವಾಗ ಪೂರ್ತಿ ಖಾಲಿ ಮಾಡಿ. ಅರ್ಧ ಭಾಗಕ್ಕೆ ಸಾಮಾನು ಸರಿಸಿ ಇನ್ನರ್ಧ ಬಳಿಯುತ್ತೇನೆ, ಆಮೇಲೆ ಈಚೆಗೆ ಸರಿಸುತ್ತೇನೆ ಎನ್ನುವ ಲೆಕ್ಕಾಚಾರದಲ್ಲಿ ನಡುವೆ ಜೋಡಣೆಯ ಗೆರೆ ಉಳಿಯುತ್ತದೆ, ಧೂಳು ಹಸಿ ಲೇಪನದ ಮೇಲೆ ಕೂರುತ್ತದೆ. ಹಳೆಯ ಬಣ್ಣದ ಡಬ್ಬ, ಥಿನ್ನರ್, ಎಂಜಿನ್ ಆಯಿಲ್, ಸತ್ತ ಬ್ಯಾಟರಿ ಇವನ್ನು ಮಾಮೂಲಿ ಕಸದ ಜೊತೆ ಸೇರಿಸಬೇಡಿ, ಚರಂಡಿಗೂ ಸುರಿಯಬೇಡಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ.

ನೀರು ಎಲ್ಲಿಂದ ಬರುತ್ತಿದೆ

ಖಾಲಿಯಾದ ಗ್ಯಾರೇಜನ್ನು ಒಂದು ಒಳ್ಳೆಯ ಮಳೆಯಲ್ಲಿ ನೋಡಿ. ಮಳೆ ಇಲ್ಲದ ಕಾಲವಾದರೆ ಹೊರಗೋಡೆಯ ಬುಡಕ್ಕೂ ಬಾಗಿಲಿನ ಮುಂದಕ್ಕೂ ಪೈಪಿನಲ್ಲಿ ನೀರು ಬಿಟ್ಟು ನೋಡಿ. ಸೂರಿನ ನೀರು ಇಳಿಯುವ ಪೈಪು ಗೋಡೆಯ ಬುಡದಲ್ಲೇ ಸುರಿಯುತ್ತಿದ್ದರೆ ಅದನ್ನು ದೂರಕ್ಕೆ ಹರಿಸಿ. ಹೊರಗಿನ ಮಣ್ಣು ಗೋಡೆಯ ಕಡೆಗೇ ಇಳಿದಿದ್ದರೆ ಅದರ ವಾಟ ಬದಲಿಸಿ. ಬಾಗಿಲಿನ ಅಡಿಯಿಂದ ನೀರು ನುಗ್ಗುತ್ತಿದ್ದರೆ ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಬದಲಿಸಿ. ಅದರಿಂದಲೂ ನಿಲ್ಲದಿದ್ದರೆ ಹೊಸ್ತಿಲಿನುದ್ದಕ್ಕೆ ನೆಲಕ್ಕೆ ಅಂಟಿಸುವ ರಬ್ಬರ್ ದಿಂಡು ಸಿಗುತ್ತದೆ. ಅದನ್ನು ಮಾತ್ರ ನೆಲದ ಲೇಪನ ಮುಗಿದು ಗಟ್ಟಿಯಾದ ಮೇಲೆ ಅಂಟಿಸಿ.

ಗೋಡೆಯ ಬುಡದಲ್ಲಿ ಅಥವಾ ನೆಲದ ಮೇಲೆ ಬಿಳಿ ಪುಡಿ ಎದ್ದಿದ್ದರೆ ಅದನ್ನು ಸುಣ್ಣದ ಕಲೆ ಎಂದು ಒರೆಸಿ ಬಿಡಬೇಡಿ. ಕಾಂಕ್ರೀಟ್‌ನೊಳಗಿಂದ ನೀರು ಮೇಲೆ ಬಂದು, ತನ್ನಲ್ಲಿ ಕರಗಿದ್ದ ಲವಣವನ್ನು ಇಲ್ಲಿ ಬಿಟ್ಟು ಆರಿಹೋಗಿದೆ. ಆ ಪುಡಿ ಎಲ್ಲಿದೆಯೋ ಅಲ್ಲಿ ತೇವದ ದಾರಿ ಇದೆ. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಿಡಿ, ಮುಂದಿನ ಪರೀಕ್ಷೆಗೆ ಬೇಕಾಗುತ್ತದೆ.

ಗೋಡೆ, ಗಾಳಿ, ವಿದ್ಯುತ್, ಬಾಗಿಲು

ಗೋಡೆಗೆ ತಿಳಿ ಬಣ್ಣ ಇರಲಿ, ಬೆಳಕು ಹೆಚ್ಚುತ್ತದೆ. ಒಂದೇ ಬಲ್ಬು ನಡುವೆ ತೂಗುಹಾಕಿದರೆ ಕಾರು ನಿಂತಾಗ ಅದರ ನೆರಳಲ್ಲೇ ಕೆಲಸ ಮಾಡಬೇಕಾಗುತ್ತದೆ. ಕಾರಿನ ಎರಡೂ ಮಗ್ಗುಲಿಗೆ ಉದ್ದನೆಯ ಎಲ್‌ಇಡಿ ಟ್ಯೂಬು ಹಾಕಿ. 4000ರಿಂದ 5000 ಕೆಲ್ವಿನ್ ಬೆಳಕು ಉಪಕರಣ ಹುಡುಕುವುದಕ್ಕೂ ರಿಪೇರಿಗೂ ಅನುಕೂಲ.

ಇಲ್ಲಿನ ಪ್ಲಗ್ ಪಾಯಿಂಟುಗಳಿಗೆ ಸೋರಿಕೆ ವಿದ್ಯುತ್ತನ್ನು ಗುರುತಿಸಿ ತಕ್ಷಣ ಕಡಿಯುವ ಸಾಧನ ಇರಲೇಬೇಕು. ಒದ್ದೆ ನೆಲ, ಲೋಹದ ಉಪಕರಣ, ಬರಿಗಾಲು ಮೂರೂ ಸೇರುವ ಜಾಗ ಇದು. ಜೀವರಕ್ಷಣೆಗೆ 30 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಸೂಕ್ಷ್ಮವಾದದ್ದು ಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದಾಡುತ್ತದೆ; ಹಾಗಾಗಿ ಕಿಡಿ ಹಾರುವ ಅಥವಾ ಉರಿ ಇರುವ ಯಾವುದನ್ನೂ ನೆಲದಿಂದ 45 ಸೆಂ.ಮೀ.ಗಿಂತ ಕೆಳಗೆ ಇಡಬೇಡಿ. ವಿದ್ಯುತ್ ಕಾರು ಚಾರ್ಜ್ ಮಾಡುವ ಯೋಚನೆ ಇದ್ದರೆ ಅದಕ್ಕೇ ಪ್ರತ್ಯೇಕ ಲೈನು ಈಗಲೇ ಎಳೆಸಿ, ಈ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದೇ.

ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ದರೆ ಕಾರ್ಬನ್ ಮೊನಾಕ್ಸೈಡ್ ವಿಷಯದಲ್ಲಿ ಯಾವ ರಾಜಿಯೂ ಬೇಡ. ಬಣ್ಣವಿಲ್ಲ, ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಬಾಗಿಲು ತೆರೆದಿದೆಯಲ್ಲ ಎಂದು ಎಂಜಿನ್ ಚಾಲೂ ಇಟ್ಟು ನಿಲ್ಲಿಸುವುದೂ ತಪ್ಪೇ. ಮನೆಯೊಳಕ್ಕೆ ಹೋಗುವ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಇರಲಿ, ಸಂದಿಗಳಿಗೆ ಸೀಲ್ ಇರಲಿ, ಒಳಗಡೆ ಒಂದು ಡಿಟೆಕ್ಟರ್ ಇರಲಿ.

ಮೇಲಕ್ಕೇಳುವ ಬಾಗಿಲಾದರೆ ಎರಡು ವಿಷಯ. ಬಾಗಿಲಿನ ಮೇಲೆ ಅಡ್ಡಲಾಗಿ ಸುತ್ತಿಕೊಂಡಿರುವ ದಪ್ಪ ಸ್ಪ್ರಿಂಗ್ ಅನ್ನು ನೀವೇ ಸಡಿಲಿಸಲು ಹೋಗಬೇಡಿ. ಇಡೀ ಬಾಗಿಲಿನ ಭಾರ ಎತ್ತುವ ಬಲ ಅದರಲ್ಲಿ ತುಂಬಿಕೊಂಡಿರುತ್ತದೆ, ಕೈ ಜಾರಿದರೆ ಮೂಳೆ ಮುರಿಯುತ್ತದೆ. ಇನ್ನೊಂದು, ಮೋಟಾರಿನ ಬಾಗಿಲಾದರೆ ಸುಮಾರು 4 ಸೆಂ.ಮೀ. ದಪ್ಪದ ಮರದ ತುಂಡನ್ನು ಬಾಗಿಲು ಇಳಿಯುವ ಜಾಗದಲ್ಲಿ ಮಲಗಿಸಿ ಮುಚ್ಚಿ ನೋಡಿ. ತಾಗಿದ ಕೂಡಲೇ ಬಾಗಿಲು ಹಿಂದಕ್ಕೆ ಏರಬೇಕು. ಏರದಿದ್ದರೆ ಸರಿಪಡಿಸುವವರೆಗೆ ಮೋಟಾರು ಬಳಸಬೇಡಿ.

ನೆಲದ ಪರೀಕ್ಷೆ

ಮೊದಲು ವಯಸ್ಸು. ಹೊಸದಾಗಿ ಹಾಕಿದ ಕಾಂಕ್ರೀಟ್ ಆಗಿದ್ದರೆ ಕನಿಷ್ಠ 28 ದಿನ ಕಳೆಯಬೇಕು. 28 ದಿನ ಎನ್ನುವುದು ಬಲ ಬರುವ ಲೆಕ್ಕ. ಒಳಗಿನ ನೀರು ಆರುವುದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಆದ್ದರಿಂದ ದಿನ ಎಣಿಸಿದ ಮೇಲೂ ತೇವದ ಪರೀಕ್ಷೆ ಬಿಡುವಂತಿಲ್ಲ.

ತೇವದ ಪರೀಕ್ಷೆ ಸುಲಭ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕೂ ಅಂಚನ್ನು ಗಾಳಿ ಆಡದಂತೆ ಟೇಪಿನಿಂದ ಮುಚ್ಚಿ. ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಡಿ 4263 ಎಂಬ ಮಾನಕದಲ್ಲಿ ಇದಕ್ಕೆ ಕನಿಷ್ಠ 16 ಗಂಟೆ ಎಂದಿದೆ. ಒಂದು ಇಡೀ ದಿನ ಬಿಟ್ಟರೆ ಒಳ್ಳೆಯದು. ತೆಗೆದು ನೋಡಿದಾಗ ಹಾಳೆಯ ಅಡಿಯಲ್ಲಿ ನೀರ ಹನಿ ಕಟ್ಟಿದ್ದರೆ, ಅಥವಾ ಆ ಚೌಕ ಸುತ್ತಲಿನ ನೆಲಕ್ಕಿಂತ ಕಪ್ಪಾಗಿದ್ದರೆ, ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ. ಗೋಡೆಯ ಬುಡ, ನಡುಭಾಗ, ಬಾಗಿಲ ಹತ್ತಿರ ಮತ್ತು ಬಿಳಿ ಪುಡಿ ಕಂಡಿದ್ದ ಜಾಗ, ಹೀಗೆ ಕೆಲವು ಕಡೆ ಮಾಡಿ. ಬೇಸಿಗೆಯ ಉರಿಯಲ್ಲಿ ಪಾಸಾದ ನೆಲ ಮಳೆಗಾಲದಲ್ಲಿ ಫೇಲಾಗಬಹುದು, ಅನುಮಾನ ಇದ್ದರೆ ತೇವದ ಕಾಲದಲ್ಲಿ ಮತ್ತೊಮ್ಮೆ ನೋಡಿ. ದುಬಾರಿ ಲೇಪನ ಹಾಕುವವರು ಕಾಂಕ್ರೀಟ್‌ಗೆ ರಂಧ್ರ ಕೊರೆದು ಒಳಗಿನ ಆರ್ದ್ರತೆ ಅಳೆಯುವ ಸಲಕರಣೆಯನ್ನು ತರಿಸುತ್ತಾರೆ. ಅದು ಕೊಡುವ ಅಂಕಿಯನ್ನು ಡಬ್ಬದ ಮೇಲಿನ ಮಿತಿಯೊಂದಿಗೆ ಹೋಲಿಸಬಹುದು.

ಎರಡನೆಯದು ನೀರ ಹನಿಯ ಪರೀಕ್ಷೆ. ಕೈಯಿಂದ ಒಂದಿಷ್ಟು ಹನಿ ಚಿಮುಕಿಸಿ, ಬಗ್ಗಿ ನೋಡಿ. ಹನಿ ಹರಡಿಕೊಂಡು ಒಂದೆರಡು ನಿಮಿಷದೊಳಗೆ ಒಳಗಿಳಿದು ಬರೀ ಕಪ್ಪು ಗುರುತು ಉಳಿಸಿದರೆ ಕಾಂಕ್ರೀಟ್‌ನ ರಂಧ್ರಗಳು ತೆರೆದಿವೆ. ಮಣಿಯಂತೆ ದುಂಡಗೆ ನಿಂತೇ ಇದ್ದರೆ ಅಲ್ಲಿ ಹಳೆಯ ಸೀಲರ್ (ನೀರು ಇಳಿಯದಂತೆ ತಡೆಯುವ ದ್ರವ) ಇದೆ ಅಥವಾ ಎಣ್ಣೆ ಇದೆ. ನೀರೇ ಒಳಗಿಳಿಯದ ಕಡೆ ಎಪಾಕ್ಸಿ (ಎರಡು ದ್ರವ ಕಲಸಿ ಬಳಿಯುವ, ಗಟ್ಟಿಯಾಗುವ ರಾಳದ ಲೇಪನ) ಇಳಿಯುವುದಿಲ್ಲ. ಕಾರು ನಿಲ್ಲುವ ಜಾಗದ ನಡುವೆ, ಎಂಜಿನ್ ಬರುವ ಕಡೆ, ಈ ಪರೀಕ್ಷೆಯನ್ನು ತಪ್ಪದೆ ಮಾಡಿ.

ಮೊಳೆಯಿಂದ ಗೀಚಿ ನೋಡಿ: ಸುಲಭವಾಗಿ ಪುಡಿ ಎದ್ದು ಗೆರೆ ಬಿದ್ದರೆ ಮೇಲ್ಪದರ ದುರ್ಬಲ, ಅದು ಪೂರ್ತಿ ಹೋಗಬೇಕು. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ: ಡಬಡಬ ಎನ್ನುವ ಪೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟುಕೊಂಡಿದೆ. ಉದ್ದನೆಯ ಪಟ್ಟಿಯ ಮೇಲೆ ರಸಮಟ್ಟ ಇಟ್ಟು ವಾಟ ನೋಡಿ. ಒಂದು ಮೀಟರಿಗೆ 1ರಿಂದ 2 ಸೆಂ.ಮೀ.ನಷ್ಟು ಬಾಗಿಲ ಕಡೆಗೆ ಇಳಿದಿದ್ದರೆ ಸರಿ. ನೀರು ನಿಲ್ಲುವ ಹಳ್ಳವನ್ನು ಲೇಪನ ತುಂಬುವುದಿಲ್ಲ, ಅದನ್ನು ಮೊದಲೇ ಗಾರೆಯಿಂದ ತುಂಬಬೇಕು.

ಬಿರುಕು, ಹಳ್ಳ, ಜೋಡು

ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ, ಕಾಂಕ್ರೀಟ್ ಆರುವಾಗ ಕುಗ್ಗುವುದರಿಂದ ಅವು ಬರುತ್ತವೆ. ಬಿರುಕಿನ ಎರಡು ಬದಿ ಒಂದೇ ಮಟ್ಟದಲ್ಲಿಲ್ಲದಿದ್ದರೆ, ಅಥವಾ ಬಿರುಕು ಅಗಲವಾಗುತ್ತಲೇ ಹೋಗುತ್ತಿದ್ದರೆ ಮಾತ್ರ ಅಡಿಯ ಮಣ್ಣು ಕುಸಿಯುತ್ತಿರಬಹುದು. ಅನುಮಾನವಿದ್ದರೆ ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಮತ್ತು ಅಗಲ ಬರೆದಿಟ್ಟು ಕೆಲವು ತಿಂಗಳು ಗಮನಿಸಿ. ಬದಲಾಗುತ್ತಿದ್ದರೆ ಎಂಜಿನಿಯರ್‌ಗೆ ತೋರಿಸಿ.

ಅಲುಗದ ಬಿರುಕನ್ನು ಮುಚ್ಚುವಾಗ ಮೇಲೆ ಮಾತ್ರ ಮೆತ್ತಬೇಡಿ. ಕಟರ್‌ನಿಂದ ಅದನ್ನು ಸ್ವಲ್ಪ ಅಗಲಿಸಿ, ಒಳಗಿನ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು, ಎಪಾಕ್ಸಿ ಅಥವಾ ಪಾಲಿಯೂರಿಯಾ ಫಿಲ್ಲರ್ ತುಂಬಿ, ಗಟ್ಟಿಯಾದ ಮೇಲೆ ನೆಲದ ಮಟ್ಟಕ್ಕೆ ಉಜ್ಜಿ. ಎದ್ದುಹೋದ ಹಳ್ಳಗಳಿಗೆ ಪಾಲಿಮರ್ ಸೇರಿಸಿದ ದುರಸ್ತಿ ಗಾರೆ ಬೇಕು. ಬರೀ ಸಿಮೆಂಟು ಮರಳು ಕಲಸಿ ತೆಳ್ಳಗೆ ಬಳಿದರೆ ಚಕ್ರದಡಿ ಪುಡಿಯಾಗುತ್ತದೆ.

ನೆಲದಲ್ಲಿ ನೇರವಾಗಿ ಕತ್ತರಿಸಿದ ಗೆರೆಗಳಿದ್ದರೆ ಅವು ಬಿರುಕಲ್ಲ. ಕಾಂಕ್ರೀಟ್ ಬಿರಿಯುವುದಾದರೆ ಇಲ್ಲೇ ಬಿರಿಯಲಿ ಎಂದು ಬೇಕೆಂದೇ ಬಿಟ್ಟ ಜೋಡುಗಳು. ಇವನ್ನು ಗಡುಸು ಎಪಾಕ್ಸಿಯಿಂದ ಮುಚ್ಚಿದರೆ ನೆಲ ಹಿಗ್ಗಿ ಕುಗ್ಗುವಾಗ ಮೇಲಿನ ಲೇಪನ ಅದೇ ಗೆರೆಯಲ್ಲಿ ಸೀಳುತ್ತದೆ. ಹಾಗೇ ಬಿಡಿ, ಇಲ್ಲವೇ ಬಾಗುವ ಗುಣದ ಸೀಲಂಟ್ ತುಂಬಿ. ನನ್ನ ಸಲಹೆ ಹಾಗೇ ಬಿಡುವುದು, ಅದರೊಳಗೂ ಲೇಪನ ಇಳಿಯುವಂತೆ ಬಳಿಯುವುದು.

ಎಣ್ಣೆ ತೆಗೆಯುವುದು, ನೆಲ ಉಜ್ಜುವುದು

ಉಜ್ಜುವುದಕ್ಕೂ ಮೊದಲು ಎಣ್ಣೆ ಹೋಗಬೇಕು. ಉಲ್ಟಾ ಮಾಡಿದರೆ ಉಜ್ಜುವ ಯಂತ್ರವೇ ಎಣ್ಣೆಯನ್ನು ನೆಲದ ತುಂಬ ಹರಡುತ್ತದೆ. ಜಿಡ್ಡು ತೆಗೆಯುವ ಕ್ಷಾರೀಯ ಡಿಗ್ರೀಸರ್ ಹಾಕಿ, ಗಡುಸು ಬ್ರಷ್‌ನಿಂದ ತಿಕ್ಕಿ, ಆರುವ ಮೊದಲೇ ತೊಳೆದು, ಮತ್ತೆ ನೀರ ಹನಿಯ ಪರೀಕ್ಷೆ ಮಾಡಿ. ಹನಿ ಇನ್ನೂ ದುಂಡಗೆ ನಿಂತರೆ ಇನ್ನೊಮ್ಮೆ. ಆಳಕ್ಕಿಳಿದ ಹಳೆಯ ಕಲೆಗೆ ಹೀರುವ ಜೇಡಿಪುಡಿಯನ್ನು ಡಿಗ್ರೀಸರ್‌ನಲ್ಲಿ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಕೆರೆದರೆ ಎಣ್ಣೆ ಪುಡಿಯೊಂದಿಗೆ ಬರುತ್ತದೆ.

ಈಗ ನೆಲವನ್ನು ಒರಟು ಮಾಡಬೇಕು. ಕರಣೆಯಿಂದ ನುಣ್ಣಗೆ ತೀಡಿದ ಕಾಂಕ್ರೀಟ್‌ನ ಮೇಲೆ ತೆಳುವಾದ, ದುರ್ಬಲವಾದ ಸಿಮೆಂಟಿನ ಪೊರೆ ಇರುತ್ತದೆ. ಲೇಪನ ಆ ಪೊರೆಗೆ ಅಂಟಿ, ಪೊರೆ ನೆಲದಿಂದ ಎದ್ದರೆ ಲೇಪನವೂ ಅದರೊಂದಿಗೇ ಎದ್ದಿತು. ಚಕ್ಕೆಯ ಬೆನ್ನಿಗೆ ಬೂದು ಪುಡಿ ಅಂಟಿಕೊಂಡಿರುವುದನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಇದಕ್ಕೆ ಆಸಿಡ್ ಮತ್ತು ವಜ್ರದ ಕಲ್ಲಿನ ಗ್ರೈಂಡರ್ ಎಂಬ ಎರಡು ದಾರಿಗಳಿವೆ. ಬಾಡಿಗೆಗೆ ಸಿಗುವುದಾದರೆ ನಾನು ಗ್ರೈಂಡರನ್ನೇ ಹೇಳುತ್ತೇನೆ. ಎಲ್ಲ ಕಡೆ ಒಂದೇ ಸಮ ಒರಟು ಬರುತ್ತದೆ, ನೆಲ ಮತ್ತೆ ನೆನೆಯುವುದಿಲ್ಲ, ಹಳೆಯ ಬಣ್ಣವೂ ಅದರಲ್ಲೇ ಹೋಗುತ್ತದೆ. ಉಜ್ಜಿದ ಮೇಲೆ ಕೈಯಾಡಿಸಿದರೆ 80ರಿಂದ 120 ನಂಬರಿನ ಉಪ್ಪುಕಾಗದ ಮುಟ್ಟಿದ ಅನುಭವ ಆಗಬೇಕು. ಯಂತ್ರ ತಲುಪದ ಅಂಚುಗಳಿಗೆ ಕೈ ಗ್ರೈಂಡರ್ ಬೇಕೇ ಬೇಕು. ಮೂಲೆಯನ್ನು ಬಿಟ್ಟರೆ ಚಕ್ಕೆ ಏಳುವುದು ಅಲ್ಲಿಂದಲೇ ಶುರುವಾಗುತ್ತದೆ.

ಕಾಂಕ್ರೀಟ್ ಧೂಳಿನ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಅದರಲ್ಲಿರುವ ಸಿಲಿಕಾದ ಸೂಕ್ಷ್ಮ ಕಣ ಶ್ವಾಸಕೋಶದಲ್ಲಿ ನೆಟ್ಟರೆ ಮತ್ತೆ ಹೊರಬರುವುದಿಲ್ಲ, ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರನ್ನೇ ತನ್ನಿ, ಮುಖಕ್ಕೆ ಬಿಗಿಯಾಗಿ ಕೂರುವ ಕಣ ಸೋಸುವ ಮಾಸ್ಕ್ ಹಾಕಿ, ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡಬೇಡಿ. ಹಳೆಯ ಕಟ್ಟಡದಲ್ಲಿ ನೆಲಕ್ಕೆ ಹಳೆಯ ವಿನೈಲ್ ಟೈಲು ಅಥವಾ ಕಪ್ಪು ಅಂಟು ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ; ಪರೀಕ್ಷೆ ಮಾಡಿಸದೆ ಅದನ್ನು ಉಜ್ಜಲೇಬೇಡಿ.

ಆಸಿಡ್ ದಾರಿ ಹಿಡಿಯುವುದಾದರೆ ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಕನ್ನಡಕ, ಕೈಗವಸು, ರಬ್ಬರ್ ಬೂಟು ಇರಲಿ. ಅದರ ಆವಿಗೆ ಕಬ್ಬಿಣ ತುಕ್ಕು ಹಿಡಿಯುವುದರಿಂದ ಉಪಕರಣ, ವಾಹನ ದೂರ ಇರಲಿ. ನೆಲದ ಮೇಲೆ ಸುರಿದಾಗ ಸಣ್ಣ ನೊರೆ ಏಳಬೇಕು. ನೊರೆ ಏಳದ ಜಾಗದಲ್ಲಿ ಸೀಲರ್ ಅಥವಾ ಎಣ್ಣೆ ಇನ್ನೂ ಇದೆ. ಆಮೇಲೆ ಅಡಿಗೆ ಸೋಡಾ ಕಲಸಿದ ನೀರಿನಿಂದ ಆಸಿಡ್‌ನ ಗುಣ ಕೊಂದು, ಹಲವು ಸಲ ತೊಳೆದು, ಪೂರ್ತಿ ಒಣಗಲು ಬಿಡಿ. ಬಿಳಿ ಪುಡಿ ಉಳಿದಿದ್ದರೆ ತೊಳೆದದ್ದು ಸಾಲದು.

ಯಾವ ಲೇಪನ

ಪರೀಕ್ಷೆಯಲ್ಲಿ ತೇವ ಕಂಡಿದ್ದರೆ ಪೊರೆ ಕಟ್ಟುವ ಯಾವ ಲೇಪನವೂ ಸದ್ಯಕ್ಕೆ ಬೇಡ. ಒದ್ದೆ ಕೈಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ ಹಾಗಾಗುತ್ತದೆ. ತೇವ ತಡೆಯುವ ವಿಶೇಷ ಎಪಾಕ್ಸಿ ಪ್ರೈಮರ್‌ಗಳಿವೆ, ಆದರೆ ಅವು ದುಬಾರಿ, ಉಜ್ಜುವ ಕೆಲಸ ಇನ್ನೂ ಆಳವಾಗಿ ಆಗಬೇಕು. ಅದಕ್ಕಿಂತ ಸರಳವಾದ ಎರಡು ಉಪಾಯಗಳಿವೆ. ಒಂದು, ಉಸಿರಾಡುವ ಸೀಲರ್. ಸಿಲೇನ್, ಸಿಲಾಕ್ಸೇನ್ ಬಗೆಯವು ಕಾಂಕ್ರೀಟ್‌ನೊಳಗೆ ಇಳಿದು ಮೇಲಿನಿಂದ ಬೀಳುವ ನೀರನ್ನು ದೂಡುತ್ತವೆ, ಒಳಗಿನ ಆವಿ ಹೊರಹೋಗಲು ಬಿಡುತ್ತವೆ. ಪೊರೆಯೇ ಇಲ್ಲವಾದ್ದರಿಂದ ಚಕ್ಕೆ ಏಳುವ ಪ್ರಶ್ನೆ ಇಲ್ಲ. ನೆಲದ ಬಣ್ಣ ಬಹುತೇಕ ಹಾಗೇ ಉಳಿಯುತ್ತದೆ. ಇನ್ನೊಂದು, ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವ ಪ್ಲಾಸ್ಟಿಕ್ ಟೈಲು. ಅಂಟು ಬೇಡ, ಜಾಲರಿಯಂಥ ಟೈಲುಗಳ ಅಡಿಯಲ್ಲಿ ಗಾಳಿಯೂ ಆಡುತ್ತದೆ, ಒಂದು ಹಾಳಾದರೆ ಅದೊಂದನ್ನೇ ಬದಲಿಸಬಹುದು. ಪಾಲಿಪ್ರೊಪಿಲೀನ್‌ನವು ಗಡುಸು, ನಡೆದಾಗ ಸ್ವಲ್ಪ ಸದ್ದು ಮಾಡುತ್ತವೆ. ಪಿವಿಸಿಯವು ಮೆತ್ತಗೆ, ಸದ್ದಿಲ್ಲ, ಆದರೆ ಟೈರಿನ ಕಪ್ಪು ಅವಕ್ಕೆ ಶಾಶ್ವತವಾಗಿ ಹತ್ತಿಕೊಳ್ಳಬಹುದು.

ನೆಲ ಒಣಗಿದೆ, ಆದರೆ ಗುಡಿಸಿದಷ್ಟೂ ಧೂಳು ಏಳುತ್ತದೆ ಎನ್ನುವವರಿಗೆ ಸಿಲಿಕೇಟ್ ಡೆನ್ಸಿಫೈಯರ್ ಸಾಕು. ಅದು ಕಾಂಕ್ರೀಟ್‌ನಲ್ಲಿರುವ ಸುಣ್ಣದೊಂದಿಗೆ ಬೆರೆತು ಗಟ್ಟಿಯಾದ ಹರಳನ್ನು ಕಟ್ಟಿ ಮೇಲ್ಮೈಯನ್ನು ಬಿಗಿ ಮಾಡುತ್ತದೆ. ಬಣ್ಣ ಬರುವುದಿಲ್ಲ, ಎಣ್ಣೆ ಕಲೆಯನ್ನು ಪೂರ್ತಿ ತಡೆಯುವುದೂ ಇಲ್ಲ. ಆದರೆ ರಿಪೇರಿ ಕೆಲಸವೇ ಮುಖ್ಯವಾದ, ಅಂದ ಮುಖ್ಯವಲ್ಲದ ಗ್ಯಾರೇಜಿಗೆ ಇದಕ್ಕಿಂತ ನೆಮ್ಮದಿಯ ಆಯ್ಕೆ ನನಗೆ ಗೊತ್ತಿಲ್ಲ.

ಅಕ್ರಿಲಿಕ್ ನೆಲದ ಬಣ್ಣ ಅಗ್ಗ, ಬಳಿಯುವುದು ಸುಲಭ. ಕಾರು ನಿಲ್ಲುವ ಕಡೆಗೆ ಮಾತ್ರ ಅದನ್ನು ಸಲಹೆ ಮಾಡಲಾರೆ. ಓಡಿ ಬಂದ ಟೈರು ಬಿಸಿಯಾಗಿರುತ್ತದೆ, ಅದರ ರಬ್ಬರಿನಲ್ಲಿರುವ ಮೆದುಕಾರಕಗಳು ತೆಳುವಾದ ಬಣ್ಣವನ್ನು ಮೆತ್ತಗಾಗಿಸುತ್ತವೆ. ಟೈರು ತಣಿದು ಕುಗ್ಗುವಾಗ ಅಂಟಿದ ಬಣ್ಣವನ್ನು ಹಿಡಿದೆಳೆಯುತ್ತದೆ. ಮರುದಿನ ಕಾರು ತೆಗೆದರೆ ನಾಲ್ಕು ಕಡೆ ಟೈರಿನ ಆಕಾರದ ಬೋಳು ಜಾಗ.

ಎಪಾಕ್ಸಿ ಎಂದರೆ ಎಲ್ಲವೂ ಒಂದೇ ಅಲ್ಲ. ನೀರು ಬೆರೆಸಿದ ಬಗೆ ಒಣಗಿದಾಗ 50ರಿಂದ 75 ಮೈಕ್ರಾನ್ (1000 ಮೈಕ್ರಾನ್ ಅಂದರೆ 1 ಮಿ.ಮೀ.) ದಪ್ಪದ ಪೊರೆ ಬಿಡುತ್ತದೆ. ಘನಾಂಶ ಶೇ 100 ಇರುವ ಬಗೆ ಹಚ್ಚಿದಷ್ಟೂ ಉಳಿಯುತ್ತದೆ, 250 ಮೈಕ್ರಾನ್ ಅಥವಾ ಅದಕ್ಕೂ ದಪ್ಪ. ಡಬ್ಬದ ಮೇಲೆ ದೊಡ್ಡದಾಗಿ ಎಪಾಕ್ಸಿ ಎಂದು ಬರೆದಿರುವುದನ್ನು ಬಿಟ್ಟು ಹಿಂಬದಿಯಲ್ಲಿ ಘನಾಂಶ ಎಷ್ಟು ಎಂದು ಓದಿ. ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅಲ್ಲೇ ಇರುತ್ತದೆ. ಎಪಾಕ್ಸಿಯ ದೊಡ್ಡ ದೌರ್ಬಲ್ಯ ಬಿಸಿಲು. ಬಾಗಿಲ ಬಳಿ ಬಿಸಿಲು ಬೀಳುವ ಭಾಗ ಹಳದಿಗೆ ತಿರುಗುತ್ತದೆ. ಅದಕ್ಕಾಗಿ ಮೇಲೊಂದು ಪದರ ಅಲಿಫ್ಯಾಟಿಕ್ ಪಾಲಿಯೂರಿಥೇನ್ ಅಥವಾ ಪಾಲಿಆಸ್ಪಾರ್ಟಿಕ್ ಹಾಕುತ್ತಾರೆ. ಇವು ಬಿಸಿಲಿಗೆ ಹಳದಿಯಾಗುವುದಿಲ್ಲ, ಗೀರನ್ನೂ ಚೆನ್ನಾಗಿ ತಡೆಯುತ್ತವೆ.

ಇಡೀ ನೆಲವನ್ನು ಪಾಲಿಆಸ್ಪಾರ್ಟಿಕ್‌ನಿಂದಲೇ ಮಾಡುವವರೂ ಇದ್ದಾರೆ. ಒಂದೇ ದಿನದಲ್ಲಿ ಮುಗಿಯುತ್ತದೆ. ಆ ವೇಗವೇ ಅದರ ತೊಡಕು ಕೂಡ, ಕೈ ಪಳಗದವರು ಬಳಿದು ಸಮ ಮಾಡುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಅದನ್ನು ಕಸುಬುದಾರರಿಗೆ ಬಿಡಿ.

ವಿಟ್ರಿಫೈಡ್ ಟೈಲು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು, ಟೈಲಿನ ಅಡಿ ಪೂರ್ತಿ ಗಾರೆ ತುಂಬಿರಬೇಕು. ಮೂಲೆಯಲ್ಲಿ ಪೊಳ್ಳು ಉಳಿದ ಟೈಲಿನ ಮೇಲೆ ಜಾಕ್ ಇಟ್ಟರೆ ಅದು ಒಡೆಯುತ್ತದೆ. ಹೊಳಪಿನ ಟೈಲು ಬೇಡ, ಒದ್ದೆಯಾದಾಗ ಜಾರುತ್ತದೆ.

ಎಪಾಕ್ಸಿ ಹಾಕುವ ಕ್ರಮ

ಪ್ರಮಾಣದ ಲೆಕ್ಕ ಮೊದಲು. 1 ಲೀಟರ್ ದ್ರವವನ್ನು 1 ಚದರ ಮೀಟರಿಗೆ ಹರಡಿದರೆ ದಪ್ಪ ಸರಿಯಾಗಿ 1 ಮಿ.ಮೀ. ಹಾಗಾದರೆ ಘನಾಂಶ ಶೇ 100 ಇರುವ ಎಪಾಕ್ಸಿ 250 ಮೈಕ್ರಾನ್ ಬೇಕೆಂದರೆ 1 ಲೀಟರಿಗೆ 4 ಚದರ ಮೀಟರ್. 6 ಮೀಟರ್ ಉದ್ದ, 6 ಮೀಟರ್ ಅಗಲದ ಗ್ಯಾರೇಜಿಗೆ ಒಂದು ಪದರಕ್ಕೆ 9 ಲೀಟರ್. ಒರಟು ನೆಲ ಹೆಚ್ಚು ಕುಡಿಯುತ್ತದೆ, ಸ್ವಲ್ಪ ಹೆಚ್ಚೇ ತನ್ನಿ. ನಡುವೆ ಮುಗಿದುಹೋದರೆ ಇನ್ನೊಂದು ಡಬ್ಬ ತರುವಷ್ಟರಲ್ಲಿ ಅಂಚು ಗಟ್ಟಿಯಾಗುತ್ತದೆ.

ದಿನ ಆರಿಸುವಾಗ ನೆಲದ ಉಷ್ಣತೆ ನೋಡಿ. ಹೆಚ್ಚಿನ ಎಪಾಕ್ಸಿಗಳಿಗೆ 10ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಮತ್ತು ಇಬ್ಬನಿ ಕಟ್ಟುವ ಉಷ್ಣತೆಗಿಂತ ನೆಲ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಮೇಲೆ ಬಳಿದಂತಾಗುತ್ತದೆ, ಮೇಲ್ಮೈಗೆ ಮೇಣದಂಥ ಜಿಡ್ಡೂ ಬರಬಹುದು. ಬೆಳಗಿನ ಹೊತ್ತಿಗಿಂತ ನೆಲ ತಣಿಯುತ್ತಿರುವ ಸಂಜೆಯ ಕಡೆ ಒಳ್ಳೆಯದು. ನೆಲ ಕಾಯುತ್ತಿರುವಾಗ ಅದರ ರಂಧ್ರಗಳಲ್ಲಿನ ಗಾಳಿ ಹಿಗ್ಗಿ ಹಸಿ ಲೇಪನದಲ್ಲಿ ಗುಳ್ಳೆ ಎಬ್ಬಿಸುತ್ತದೆ.

ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಅಳತೆ ಡಬ್ಬದಲ್ಲಿ ಹೇಳಿದಷ್ಟೇ ಇರಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ನೆಲ ಕೊನೆಯವರೆಗೂ ಮೆತ್ತಗೆ ಅಂಟುಅಂಟಾಗಿ ಉಳಿಯುತ್ತದೆ. ನಿಧಾನ ವೇಗದ ಡ್ರಿಲ್‌ಗೆ ಕಲಸುವ ಕಡ್ಡಿ ಸಿಕ್ಕಿಸಿ ಸುಮಾರು 3 ನಿಮಿಷ ಕಲಸಿ, ಬಕೆಟ್‌ನ ಬದಿ, ತಳ ಎಲ್ಲ ಕೆರೆದು, ಆಮೇಲೆ ಇನ್ನೊಂದು ಶುಚಿಯಾದ ಬಕೆಟ್‌ಗೆ ಸುರಿದು ಮತ್ತೊಮ್ಮೆ ಕಲಸಿ. ಮೊದಲ ಬಕೆಟ್‌ನ ಬದಿಗೆ ಹತ್ತಿಕೊಂಡ ಕಲಸದ ರಾಳವನ್ನು ನೆಲಕ್ಕೆ ಬಳಿದರೆ ಆ ತೇಪೆ ಎಂದಿಗೂ ಗಟ್ಟಿಯಾಗುವುದಿಲ್ಲ.

ಕಲಸಿದ ಕೂಡಲೇ ಬಕೆಟ್‌ನಲ್ಲಿ ಇಡದೆ ನೆಲಕ್ಕೆ ಪಟ್ಟೆಯಾಗಿ ಸುರಿದುಬಿಡಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬಕೆಟ್‌ನಲ್ಲಿ ಒಟ್ಟಾಗಿ ನಿಂತರೆ ಆ ಬಿಸಿ ಹೊರಹೋಗದೆ ಇನ್ನಷ್ಟು ವೇಗವಾಗಿ ಗಟ್ಟಿಯಾಗುತ್ತದೆ. ಬಕೆಟ್ ಕೈಗೆ ಬಿಸಿ ತಾಗುತ್ತದೆ, ರಾಳ ಲೋಳೆಯಾಗುತ್ತದೆ, ಹೊಗೆಯೂ ಏಳಬಹುದು. ನೆಲದ ಮೇಲೆ ತೆಳ್ಳಗೆ ಹರಡಿದ್ದು ಇನ್ನೂ ಹೆಚ್ಚು ಹೊತ್ತು ಕೈಗೆ ಬಗ್ಗುತ್ತದೆ. ಅಂಚುಗಳನ್ನು ಬ್ರಷ್‌ನಿಂದ ಮೊದಲೇ ಬಳಿದಿಟ್ಟುಕೊಂಡು, ಒಳಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಬನ್ನಿ. ರಬ್ಬರ್ ಅಂಚಿನ ಸ್ಕ್ವೀಜಿಯಿಂದ ಹರಡಿ, ರೋಲರನ್ನು ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಎಳೆಯಿರಿ. ಇಬ್ಬರಿರಬೇಕು, ಒಬ್ಬರು ಕಲಸಲು, ಒಬ್ಬರು ಬಳಿಯಲು. ಹಸಿ ಎಪಾಕ್ಸಿ ಚರ್ಮಕ್ಕೆ ತಾಗುತ್ತಿದ್ದರೆ ಕೆಲವರಿಗೆ ಮತ್ತೆಂದೂ ಹೋಗದ ಅಲರ್ಜಿ ಹತ್ತುತ್ತದೆ, ಕೈಗವಸು ತೆಗೆಯಬೇಡಿ.

ಅಂದಕ್ಕಾಗಿ ಹಸಿ ಲೇಪನದ ಮೇಲೆ ಬಣ್ಣದ ಚಕ್ಕೆ (ಫ್ಲೇಕ್) ಉದುರಿಸುವುದಾದರೆ ನೆಲದ ಕಡೆಗೆ ಎಸೆಯದೆ ಮೇಲಕ್ಕೆ ತೂರಿ, ಮಳೆಯಂತೆ ಬೀಳಲಿ. ಮುಂದಿನ ಬಕೆಟ್‌ನ ಲೇಪನ ಬಂದು ಸೇರಬೇಕಾದ ಅಂಚಿನಲ್ಲಿ ಒಂದು ಗೇಣಿನಷ್ಟು ಚಕ್ಕೆ ಬೀಳದಂತೆ ಬಿಡಿ, ಇಲ್ಲದಿದ್ದರೆ ಅಲ್ಲಿ ಏಣು ಏಳುತ್ತದೆ. ಗಟ್ಟಿಯಾದ ಮೇಲೆ ನೆಟ್ಟಗೆ ನಿಂತ ಚಕ್ಕೆಗಳನ್ನು ಅಗಲವಾದ ಕೆರೆಯುವ ತಗಡಿನಿಂದ ಕೆರೆದು, ವ್ಯಾಕ್ಯೂಮ್ ಮಾಡಿ, ಮೇಲಿನ ಪಾರದರ್ಶಕ ಪದರ ಹಾಕಿ. ಜಾರದಿರಲು ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಈ ಪದರದಲ್ಲಿ ಬೆರೆಸುತ್ತಾರೆ. ಬಾಗಿಲ ಬಳಿಯ ಇಳಿಜಾರಿಗೆ ಅದು ಬೇಕೇ ಬೇಕು. ಎರಡು ಪದರಗಳ ನಡುವಿನ ಗಡುವು ಡಬ್ಬದ ಮೇಲಿರುತ್ತದೆ, ಅನೇಕ ಎಪಾಕ್ಸಿಗಳಿಗೆ 24 ಗಂಟೆಯ ಆಸುಪಾಸು. ಗಡುವು ಮೀರಿದರೆ ಮತ್ತೆ ಉಪ್ಪುಕಾಗದದಿಂದ ಉಜ್ಜಿಯೇ ಮುಂದಿನದು.

ಕಾರು ಒಳಗೆ ತರುವುದು, ಆಮೇಲಿನ ಪಾಲನೆ

ನಡೆಯಲು ಒಂದು ದಿನ, ಕಾರಿಗೆ ಮೂರರಿಂದ ಏಳು ದಿನ, ಚಳಿ ಇದ್ದರೆ ಇನ್ನೂ ಹೆಚ್ಚು. ಉಗುರಿನಿಂದ ಒತ್ತಿದರೆ ಗುರುತು ಬೀಳದಿರುವುದು ಪೂರ್ತಿ ಗಟ್ಟಿಯಾದ ಲಕ್ಷಣವಲ್ಲ, ಡಬ್ಬದ ಮೇಲಿನ ದಿನ ಎಣಿಸಿ. ಕಪಾಟು ಕೂಡ ಅಷ್ಟು ದಿನ ಕಾಯಲಿ. ಗೋಡೆಗೆ ನೇತುಹಾಕುವ ಕಪಾಟನ್ನೇ ಮಾಡಿಸಿದರೆ ಕೆಳಗೆ ಗುಡಿಸಲು ಅನುಕೂಲ, ಲೇಪನದ ಮೇಲೆ ಭಾರವೂ ಇಲ್ಲ; ಅದರ ರಂಧ್ರಗಳನ್ನು ಮಾತ್ರ ನೆಲಕ್ಕೂ ಮೊದಲೇ ಕೊರೆಸಿಟ್ಟಿರಿ.

ಶುಚಿಗೆ ಮೆತ್ತನೆಯ ಪೊರಕೆ, ಸೌಮ್ಯ ಸೋಪಿನ ನೀರು ಸಾಕು. ಹುಳಿ ಅಂಶದ ಕ್ಲೀನರ್ ಹೊಳಪು ಕೆಡಿಸುತ್ತದೆ. ಬ್ರೇಕ್ ಆಯಿಲ್ ಮತ್ತು ಬ್ಯಾಟರಿ ಆಸಿಡ್ ಬಿದ್ದರೆ ಆಮೇಲೆ ನೋಡೋಣ ಎನ್ನದೆ ಆಗಲೇ ಒರೆಸಿ. ಜಾಕ್, ಬೈಕಿನ ಸ್ಟ್ಯಾಂಡ್ ಇವುಗಳ ಅಡಿಗೆ ಒಂದು ಪ್ಲೈವುಡ್ ತುಂಡು ಇರಲಿ. ಅಷ್ಟು ಭಾರ ಒಂದೇ ಚುಕ್ಕೆಯಲ್ಲಿ ಒತ್ತಿದರೆ ಯಾವ ಲೇಪನವೂ ತಾಳದು. ಬೆಸುಗೆ ಹಾಕುವ ಕೆಲಸವಿದ್ದರೆ ಹೊರಗೆ ಮಾಡಿ, ಕಿಡಿ ಬಿದ್ದಲ್ಲಿ ಲೇಪನ ಕರಕಲಾಗುತ್ತದೆ.

ವರ್ಷಕ್ಕೊಮ್ಮೆ ಟೈರು ತಿರುಗುವ ಜಾಗವನ್ನು ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದು ನೋಡಿ. ಹೊಳಪು ಮಾಸಿದ್ದು ಕಂಡರೆ, ಸವೆತ ಬಣ್ಣದ ಪದರಕ್ಕೆ ಇಳಿಯುವ ಮೊದಲೇ, 120ರಿಂದ 150 ನಂಬರಿನ ಉಪ್ಪುಕಾಗದದಿಂದ ಮೇಲೆ ಮೇಲೆ ತಿಕ್ಕಿ ಪಾರದರ್ಶಕ ಪದರವನ್ನಷ್ಟೇ ಮತ್ತೊಂದು ಕೋಟು ಹಾಕಿ. ಪೂರ್ತಿ ನೆಲ ಕೆರೆದು ಹೊಸದಾಗಿ ಮಾಡುವ ಕೆಲಸದ ಮುಂದೆ ಇದು ಏನೂ ಅಲ್ಲ. ಎಲ್ಲೋ ಚಿಕ್ಕ ಚಕ್ಕೆ ಎದ್ದಿದ್ದರೆ ಅದರ ಬೆನ್ನು ತಿರುಗಿಸಿ ನೋಡಿ: ಬೂದು ಪುಡಿ ಇದ್ದರೆ ಆ ಭಾಗ ಸರಿಯಾಗಿ ಉಜ್ಜಿರಲಿಲ್ಲ, ಜಿಡ್ಡಿದ್ದರೆ ಎಣ್ಣೆ ಉಳಿದಿತ್ತು, ತೇವವಿದ್ದರೆ ಮತ್ತೆ ಪ್ಲಾಸ್ಟಿಕ್ ಹಾಳೆ ಹಾಸಿ ಪರೀಕ್ಷಿಸಿ. ಆ ಕಾರಣ ಸರಿಪಡಿಸಿದ ಮೇಲೆ ಗಟ್ಟಿಯಾಗಿ ಹಿಡಿದಿರುವ ಅಂಚು ಸಿಗುವವರೆಗೆ ಕೆರೆದು ತೇಪೆ ಹಾಕಿ. ಇದಕ್ಕಾಗಿ ಉಳಿದ ಬಣ್ಣದ ಚಕ್ಕೆಯನ್ನು ಒಂದು ಡಬ್ಬಿಯಲ್ಲಿ ತುಂಬಿ, ಲೇಪನದ ಹೆಸರು, ಬಣ್ಣದ ನಂಬರು, ಹಾಕಿದ ತಾರೀಕನ್ನು ಅದರ ಮೇಲೆ ಬರೆದಿಡಿ.